ಒಂದು ‘ಹ’ಕಾರದ ಕಥೆ

‘ಹ’ಕಾರವೆಂಬುದು ನಮ್ಮ ವರ್ಣಮಾಲೆಯಲ್ಲಿ ತೀರ ಬಡಪಾಯಿ ಅಕ್ಷರ, ಬರಿಯ ಒಂದು ಉಸಿರು. ಆ ಉಸಿರು ನನ್ನನ್ನು ಶಾಲೆ ಬಿಡಿಸುವುದರಲ್ಲಿತ್ತೆಂದರೆ ಓದುಗರು ನಕ್ಕಾರು.

ಮಂಡ್ಯದ ಕಡೆಯ ಹಳ್ಳಿಯಿಂದ ಪೇಟೆಯ ಶಾಲೆಗೆ ಬಂದವನು ನಾನು. ಮೊದಲ ವಾರವೇ ಪಾಠ ಓದುತ್ತ ‘ಹಾಲು’ ಎನ್ನುವಲ್ಲಿ ‘ಆಲು’ ಎಂದೆ. ಅಂದಿನಿಂದ ನನ್ನ ಹೆಸರೇ ‘ಆಲು’ ಆಯಿತು. ಊಟದ ಡಬ್ಬಿ ಅಡಗಿಸುವರು, ಬೆಂಚಿನಿಂದ ತಳ್ಳುವರು. ನಾನು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟೆ. ರಜೆಯಲ್ಲಿ ಅಪ್ಪನಿಗೆ ಹೇಳಿದರೆ, “ಗಂಡ್ಸಲ್ವೇನ್ಲಾ, ತಡ್ಕೊ” ಎಂದರು.

ಸಂಗತಿ ಹೇಗೋ ಕನ್ನಡ ಮೇಷ್ಟರ ಕಿವಿಗೆ ಬಿತ್ತು. ಒಂದು ದಿನ ಅವರು ಹಲಗೆಯ ಮೇಲೆ ಮೂರು ಪದ ಬರೆದರು: ಪಾಲ್, ಹಾಲು, ಆಲು. “ಹತ್ತನೆಯ ಶತಮಾನದ ಪಂಪನ ಕನ್ನಡದಲ್ಲಿ ಇದು ‘ಪಾಲ್’. ಮುಂದೆ ಪಕಾರ ಸವೆದು ಹಕಾರವಾಯಿತು. ಇವನ ಊರಿನಲ್ಲಿ ಅದೂ ಸವೆಯಿತು. ಪಂಪ ಇಲ್ಲಿಗೆ ಬಂದರೆ ನಿಮ್ಮ ‘ಹಾಲು’ ಕೇಳಿ ನಗಬೇಕೇನು?” ಎಂದು ಕೇಳಿದರು. ಅಷ್ಟಕ್ಕೇ ಬಿಡದೆ, ಡಬ್ಬಿ ಅಡಗಿಸುತ್ತಿದ್ದವರನ್ನು ಬೇರೆಯಾಗಿ ಕರೆದು ಎಚ್ಚರಿಸಿದರು. ನಗು ಒಮ್ಮೆಗೇ ನಿಲ್ಲಲಿಲ್ಲ. ಆದರೆ ಮರುದಿನ ಒಬ್ಬ ಹುಡುಗ ನನ್ನ ಪಕ್ಕದಲ್ಲಿ ಕುಳಿತು ಉಂಡ.

ಮೊನ್ನೆ ನೆರೆಮನೆಯ ಎಂಟನೆಯ ತರಗತಿಯ ಹುಡುಗಿ ಅಳುತ್ತ ಬಂದಳು. “ಎಲ್ಲರೂ ಯಾವಾಗಲೂ ನನ್ನನ್ನ ಆಡಿಕೊಳ್ತಾರೆ ಅಂಕಲ್, ತಪ್ಪೆಲ್ಲ ನನ್ನದೇ.” ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ 1995ರಲ್ಲಿ ಮಕ್ಕಳ ಆಶಾವಾದವನ್ನು ಕುರಿತು ಒಂದು ಪುಸ್ತಕ ಬರೆದರು. ಕಷ್ಟಕ್ಕಿಂತ, ಕಷ್ಟವನ್ನು ಮಗು ತನಗೆ ತಾನೇ ವಿವರಿಸಿಕೊಳ್ಳುವ ಮಾತಿನಲ್ಲಿ ನಿರಾಶೆ ಬೇರೂರುತ್ತದೆಂಬುದು ಅವರ ವಾದದ ತಿರುಳು. ‘ಯಾವಾಗಲೂ’, ‘ಎಲ್ಲವೂ’, ‘ನನ್ನಿಂದಲೇ’ ಎಂಬವೇ ಆ ಮಾತುಗಳು.

“ಎಲ್ಲರೂ ಅಂದರೆ ಎಷ್ಟು ಜನ, ಪುಟ್ಟಿ?” ಎಂದೆ. ಬೆರಳು ಮಡಿಸಿ, “ಮೂರು” ಎಂದಳು. “ಯಾವಾಗ?” “ವ್ಯಾನಿನಲ್ಲಿ ಬರುವಾಗ.” ಹೀಗೆ ‘ಎಲ್ಲರೂ’ ಮೂವರಾದರು, ‘ಯಾವಾಗಲೂ’ ಅರ್ಧ ಗಂಟೆಯಾಯಿತು. ಅವಳು ಕಣ್ಣೊರೆಸಿಕೊಂಡಳು.

ಆದರೆ ಅರ್ಧ ಗಂಟೆಯೂ ಅರ್ಧ ಗಂಟೆಯೇ. ಮಗುವಿನ ಮಾತನ್ನು ತಿದ್ದಿ ಮೂವರನ್ನು ಹಾಗೆಯೇ ಬಿಟ್ಟರೆ, ಅದು ಅಪ್ಪನ ‘ತಡ್ಕೊ’ ಎಂಬುದನ್ನೇ ಪುಸ್ತಕದ ಭಾಷೆಯಲ್ಲಿ ಹೇಳಿದಂತೆ. ಮರುದಿನ ಅವಳ ತಾಯಿಯೊಡನೆ ನಾನೂ ಶಾಲೆಗೆ ಹೋಗಿ ತರಗತಿಯ ಟೀಚರನ್ನು ಕಂಡೆ. ಈಗ ವ್ಯಾನಿನಲ್ಲಿ ಅವಳು ಆಯಾ ಪಕ್ಕದಲ್ಲಿ ಕೂರುತ್ತಾಳೆ. ಮೂವರ ಮನೆಗೂ ಮಾತು ಹೋಗಿದೆ.

ನನಗೆ ಇಂದಿಗೂ ದಣಿದಾಗ ಪಾಠದ ನಡುವೆ ‘ಆಲು’ ಎಂದು ಬಾಯಿ ಜಾರುತ್ತದೆ. ಹುಡುಗರು ನಗುತ್ತಾರೆ. ನಾನು ಹಲಗೆಯ ಕಡೆ ತಿರುಗಿ ಆ ಮೂರು ಪದ ಬರೆಯುತ್ತೇನೆ.