ಮಾಟುಂಗದ ಸಾಣೆ

ಭಾವೂದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ ದಾಟಿ ಮಾರ್ಕೆಟ್ ಕಡೆ ನಡೆದರೆ ಮಲ್ಲಿಗೆ, ಬಾಳೆಲೆ, ಫಿಲ್ಟರ್ ಕಾಫಿಯ ವಾಸನೆ ಒಟ್ಟಿಗೇ ಬರುತ್ತದೆ. ಕಳೆದ ಭಾನುವಾರ ಅಲ್ಲಿಗೆ ಹೋದದ್ದು ಮಾತ್ರ ಅಜ್ಜನ ಚೂರಿಗಾಗಿ. ಸಾಗರದ ಮನೆ ಮಾರಿದಾಗ ನನ್ನ ಪಾಲಿಗೆ ಬಂದದ್ದು ಅದೊಂದೇ. ಆರು ವರ್ಷ ಬಾಲ್ಕನಿಯ ಡಬ್ಬದಲ್ಲಿಟ್ಟು ನಾನು ಮರೆತಿದ್ದೆ. ಮುಂಬಯಿಯ ಮಳೆಗಾಲ ಮರೆತಿರಲಿಲ್ಲ.

ತುಕ್ಕನ್ನು ಹುಣಸೆಹುಳಿ ಹಚ್ಚಿ ತಿಕ್ಕಿ ತೆಗೆದಿದ್ದೆ. ಉಳಿದದ್ದು ಬಾಯಿಯ ನಡುವೆ ಒಂದು ಮುಕ್ಕು. ಹತ್ತನೇ ವಯಸ್ಸಿನಲ್ಲಿ ಕಲ್ಲಿಗೆ ಹೊಡೆದು ನಾನೇ ಮಾಡಿದ್ದು. ಅಜ್ಜ ಬೈದಿರಲಿಲ್ಲ.

ಸೈಕಲ್‌ಗೆ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿಯುತ್ತಿದ್ದ ಸಾಣೆಯವರು ಚೂರಿಯನ್ನು ಬೆಳಕಿಗೆ ಹಿಡಿದು, “ಮುಕ್ಕು ಪೂರ್ತಿ ಹೋಗಬೇಕಾದರೆ ಇಡೀ ಬಾಯಿಯನ್ನೇ ಅಷ್ಟು ಸವೆಸಬೇಕು” ಎಂದರು ಹಿಂದಿಯಲ್ಲಿ. ಒಂದೇ ಸಮ ಒತ್ತಿ ಹಿಡಿದರೆ ಉಕ್ಕು ಕಾದು ನೀಲಿಗಟ್ಟಿ ಹದ ಕಳೆದುಕೊಳ್ಳುತ್ತದೆ. ಅದಕ್ಕೇ ಆಗಾಗ ನೀರಿಗೆ ಅದ್ದುತ್ತಿದ್ದರು. ಎರಡೂ ಮಗ್ಗುಲಿಗೆ, ನನ್ನ ಕಣ್ಣಳತೆಯಲ್ಲಿ 20 ಡಿಗ್ರಿಯಷ್ಟು ಓರೆ ಕೊಟ್ಟು, ಮುಕ್ಕು ಅರ್ಧ ಉಳಿದಿರುವಾಗಲೇ ನಿಲ್ಲಿಸಿದರು. “ಉಳಿದದ್ದು ಬಳಸುತ್ತಾ, ಮಸೆಯುತ್ತಾ ತಾನಾಗಿ ಹೋಗುತ್ತದೆ.”

ಈಗ ಚೂರಿ ಅಡುಗೆಮನೆಯಲ್ಲಿದೆ. ದಿನಾ ತರಕಾರಿ ಹೆಚ್ಚಿ, ಒರೆಸಿ, ಕೊಬ್ಬರಿ ಎಣ್ಣೆ ಸವರಿ ಇಡುತ್ತೇನೆ. ಮುಕ್ಕು ಹೋಗಲು ಎಷ್ಟು ವರ್ಷ ಬೇಕೋ. ನನಗೇನೂ ಅವಸರವಿಲ್ಲ.