ವಿಮಾನದಲ್ಲಿ ಬಂದ ನಾಯಿ

ನಾಲ್ಕು ದಿನದಿಂದ ನಮ್ಮ ತೋಟದಲ್ಲಿ ಓಡಾಡ್ತಿರೋ ಬಿಳಿ ನಾಯಿ ಯಾರದ್ದು ಅಂತ ಸುಮಾರು ಜನ ಕೇಳಿದ್ರಿ. ಅದು ದೆಹಲಿಲಿದ್ದ ನಮ್ಮ ಮಗಳದ್ದು. ಪೊಮೆರೇನಿಯನ್, ನಾಲ್ಕು ಕೆಜಿ, ಹೆಸರು ಚಿಂಟು. ಮಗಳು ಅಳಿಯ ಕೆಲಸದ ಮೇಲೆ ಜರ್ಮನಿಗೆ ಹೊರಟರು. ಇದನ್ನ ಜೊತೇಲೇ ಕರ್ಕೊಂಡು ಹೋಗಂಗಿಲ್ಲ. ನಮ್ಮ ದೇಶದ ನಾಯಿ ಯುರೋಪಿಗೆ ಹೋಗ್ಬೇಕಾದ್ರೆ ಮೊದಲು ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ, 30 ದಿನ ಕಳೆದ ಮೇಲೆ ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮತ್ತೆ 3 ತಿಂಗಳು ಕಾಯ್ಬೇಕು. ಅಷ್ಟು ದಿನ ನಮ್ಮನೇಲಿ.

ಕರ್ಕೊಂಡು ಬರೋಕೆ ನಾನೇ ಹೋಗಿದ್ದೆ. ರೈಲಲ್ಲಿ ಎರಡು ರಾತ್ರಿ, ಬಿಸಿಲು ಬೇರೆ, ಮಗಳು ಒಪ್ಪಲಿಲ್ಲ. ವಿಮಾನದಲ್ಲಿ ಎಲ್ಲಾ ಕಂಪನಿಯವರೂ ನಾಯಿ ಹತ್ತಿಸ್ಕೊಳ್ಳಲ್ಲ. ಹತ್ತಿಸ್ಕೊಳ್ಳೋರೂ ಬ್ಯಾಗ್ ಸೇರಿಸಿ ತೂಕ ನೋಡ್ತಾರೆ, ಜಾಸ್ತಿ ಬಂದ್ರೆ ಕೆಳಗೆ ಲಗೇಜ್ ಜೊತೆ ಹೋಗ್ಬೇಕು. ಮಂಡೀಲಿ ಕೊಬ್ಬರಿ ಚೀಲ ತೂಗಿದಂಗೆ ತೂಗಿದ್ರು. ಲಸಿಕೆ ಪುಸ್ತಕ, ಡಾಕ್ಟ್ರ ಫಿಟ್ ಸರ್ಟಿಫಿಕೇಟು ಎರಡೂ ನೋಡಿದ್ರು. ತಪಾಸಣೇಲಿ ಬ್ಯಾಗು ಮಿಷಿನ್ ಒಳಗೆ, ನಾಯಿ ನನ್ನ ಕಂಕುಳಲ್ಲಿ.

ಹೊರಡೋ ಮುಂಚೆ ನಿದ್ದೆ ಮಾತ್ರೆ ಕೊಡಿ ಅಂತ ಅಲ್ಲಿನ ಪಶುವೈದ್ಯರನ್ನ ಅಳಿಯ ಕೇಳಿದ್ರು. ಡಾಕ್ಟ್ರು ಖಂಡಿತ ಬೇಡ ಅಂದ್ರು. ಮೇಲೆ ಹೋದಾಗ ವಿಮಾನದ ಒಳಗಿನ ಗಾಳಿ ಊಟಿ ಬೆಟ್ಟದ ಗಾಳಿಯಷ್ಟು ತೆಳುವಾಗಿರುತ್ತಂತೆ. ಮಾತ್ರೆ ಉಸಿರನ್ನ, ರಕ್ತದೊತ್ತಡನ ಇಳಿಸುತ್ತೆ, ಎರಡೂ ಸೇರಿದ್ರೆ ಅಪಾಯ. ಊಟ ನಾಲ್ಕು ಗಂಟೆ ಮುಂಚೆ ನಿಲ್ಸಿ, ಮಗಳ ಹಳೇ ಚೂಡಿದಾರದ ವೇಲು ಬ್ಯಾಗಲ್ಲಿ ಹಾಸಿ ಅಂದ್ರು. ಆ ವಾಸನೇಲೇ ಮಲಗುತ್ತೆ ಅಂತ.

ಬಾಗಿಲ ಹತ್ರ ಮಗಳು ನನ್ನ ಕಾಲಿಗೆ ಬಿದ್ದಿದ್ದು ಒಂದು ಕ್ಷಣ, ನಾಯಿ ತಬ್ಕೊಂಡಿದ್ದು ಹತ್ತು ನಿಮಿಷ. "ಅಪ್ಪ, ಕಟ್ಟಿ ಹಾಕ್ಬೇಡ" ಅಂದ್ಲು, ಅಷ್ಟೇ. ನಂಗೂ ಮಾತು ಬರ್ಲಿಲ್ಲ.

ಒಳಗೆ ಮುಂದಿನ ಸೀಟಿನ ಕೆಳಗೆ ಬ್ಯಾಗ್ ಇಟ್ಟೆ. ಹೊರಗೆ ತೆಗೆಯಂಗಿಲ್ಲ. ವಿಮಾನ ಏಳೋವಾಗ ಗಡಗಡ ನಡುಗ್ತು. ಚಪ್ಪಲಿ ಬಿಟ್ಟು ಕಾಲನ್ನ ಬ್ಯಾಗಿನ ಬಲೆಗೆ ಒತ್ತಿ ಕೂತೆ, ಮೂತಿ ತಂದು ಅಲ್ಲೇ ಇಟ್ಕೊಂಡ್ತು. ಬೆಂಗಳೂರು ತನಕ ಸುಮಾರು ಮೂರು ಗಂಟೆ ಕಾಲು ತೆಗೀಲಿಲ್ಲ, ಜೋಮು ಹಿಡೀತು. ಇಳಿಯೋವಾಗ ನನ್ನ ಕಿವಿ ಕಟ್ಟಿತು, ಅದೂ ತಲೆ ಒದರ್ತು. ಒಂದು ಸಲಾನೂ ಬೊಗಳಲಿಲ್ಲ. ಪಕ್ಕದ ಸೀಟಿನವರಿಗೆ ನಾಯಿ ಇರೋದು ಗೊತ್ತಾಗಿದ್ದೇ ಬೆಂಗಳೂರಲ್ಲಿ!

ಈಗ ಭಯ ಇರೋದು ಇಲ್ಲೇ. ರಾತ್ರಿ ಚಿರತೆ ಕಾಟ, ಅದಕ್ಕೆ ಮನೆಯೊಳಗೇ ಮಲಗಿಸ್ತೀವಿ. ಹಗಲು ಕೇರಿ ನಾಯಿಗಳ ಜೊತೆ ಆಡೋಕೆ ಓಡುತ್ತೆ. ನಮ್ಮ ಎರಡು ನಾಯಿಗೂ ನಿನ್ನೆ ಪಶು ಆಸ್ಪತ್ರೇಲಿ ರೇಬಿಸ್ ಸೂಜಿ ಹಾಕಿಸ್ದೆ. ಅಕ್ಕಪಕ್ಕದ ತೋಟದವರು ನಿಮ್ಮ ನಾಯಿಗೂ ಹಾಕಿಸ್ಬಿಡಿ, ಒಟ್ಟಿಗೆ ಹೋಗೋದಾದ್ರೆ ನನ್ನ ಆಟೋ ಇದೆ, ಭಾನುವಾರ ಬಿಟ್ಟು ಯಾವತ್ತಾದ್ರೂ ಸರಿ. ನಮ್ಮ ತೋಟಕ್ಕೆ ಬರೋರು ದಯವಿಟ್ಟು ಗೇಟು ಹಾಕ್ಕೊಂಡು ಬನ್ನಿ.