ಆದೋನಿಯ ರ‍್ಯಾಕಿನಲ್ಲಿ ಒಂದಾಗದ ಸ್ವಿಚ್ಚುಗಳು

ಹತ್ತಿ ಸೀಸನ್‌ನಲ್ಲಿ ಆದೋನಿಯ ಜಿನ್ನಿಂಗ್ ಮಿಲ್ಲಿನ ತೂಕ, ಬಿಲ್ಲು, ಕ್ಯಾಮೆರಾ ಎಲ್ಲ ನೆಟ್‌ವರ್ಕ್ ಮೇಲೆ ನಿಂತಿದ್ದರೆ, ಸೇರಿ ಒಂದೇ ಸ್ವಿಚ್ಚಿನಂತೆ ದುಡಿಯಬೇಕಾದ ಸ್ವಿಚ್ಚುಗಳ ಸ್ಟ್ಯಾಕ್ ಕೂಡದ ದಿನ ಲಾರಿಯ ಪಕ್ಕ ಬಿಸಿಲಲ್ಲಿ ಕಾಯೋದು ರೈತ. ಅದಕ್ಕೇ ಇದನ್ನು ಬರೀತಿದ್ದೀನಿ.

ಕೇಬಲ್ ಹಾಕಿದೆ, ಆದರೂ ಎರಡನೇ ಸ್ವಿಚ್ಚು ತಾನೇ ಯಜಮಾನ ಅಂತ ಕೂತಿದೆಯಾ? ಮೊದಲು ಮಾಡೆಲ್ ನಂಬರ್ ಓದಿ. ಸಿಸ್ಕೋ ಕ್ಯಾಟಲಿಸ್ಟ್ 9200 ಮತ್ತು 9200ಎಲ್ ನೋಡಲು ಅಣ್ಣತಮ್ಮಂದಿರು. ಆದರೆ ಮೊದಲನೆಯದರ ಸ್ಟ್ಯಾಕ್ ವೇಗ 160 ಗಿಗಾಬಿಟ್, ಎರಡನೆಯದರದ್ದು 80. ಎಷ್ಟು ಪರದಾಡಿದರೂ ಇವೆರಡು ಒಂದೇ ಸ್ಟ್ಯಾಕಿಗೆ ಸೇರಲ್ಲ. ಖರೀದಿಗೆ ಮುಂಚೆಯೇ ನೋಡಬೇಕಾದ್ದು ಇದು.

ಮಾಡೆಲ್ ಒಂದೇ ಆಗಿದ್ದರೆ ‘ಶೋ ಸ್ವಿಚ್’ ಕಮಾಂಡ್ ಕೊಡಿ. ವರ್ಷನ್ ಮಿಸ್‌ಮ್ಯಾಚ್ ಅಂತ ಬಂದರೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ, ಸಾಫ್ಟ್‌ವೇರ್ ಬೇರೆ ಬೇರೆ ಇದೆ. ತಾನೇ ಅಪ್‌ಗ್ರೇಡ್ ಆಗುತ್ತೆ ಅಂತಲೂ ಕಾಯಬೇಡಿ. ಬಂಡಲ್ ಮೋಡಿನಲ್ಲಿದ್ದರೆ ಆಗಲ್ಲ. ಲೈಸೆನ್ಸ್ ಮಟ್ಟವೂ ಒಂದೇ ಇರಲಿ.

ಹೊಸ ಸ್ವಿಚ್ಚಿಗೆ ಕರೆಂಟ್ ಕೊಟ್ಟಿಟ್ಟು ಸ್ಟ್ಯಾಕ್ ಕೇಬಲ್ ಸಿಕ್ಕಿಸಲೇಬೇಡಿ. ಎರಡೂ ಆನ್ ಇದ್ದರೆ ಯಾರು ಆಕ್ಟಿವ್ ಅನ್ನೋ ಚುನಾವಣೆ ನಡೆದು, ಸೋತದ್ದು ರೀಲೋಡ್ ಆಗುತ್ತೆ. ಸೋತದ್ದು ಹಳೆಯದಾದರೆ ಕೆಲಸದ ಹೊತ್ತಲ್ಲೇ ಇಡೀ ಮಿಲ್ಲು ನಿಲ್ಲುತ್ತೆ. ಹಳೆಯದಕ್ಕೆ ಮೊದಲೇ ಪ್ರಯಾರಿಟಿ 15 ಕೊಟ್ಟಿಡಿ, ಹೊಸದನ್ನು ಆಫ್ ಮಾಡಿ ಜೋಡಿಸಿ, ಆಮೇಲೆ ಆನ್ ಮಾಡಿ.

ನಮ್ಮ ಕಡೆಯದೇ ಒಂದು ಕಾಟ: ಹತ್ತಿ ನಾರು. ಫ್ಯಾನಿನ ಜಾಲರಿಯಲ್ಲಿ, ಹಿಂದಿನ ಸ್ಟ್ಯಾಕ್ ಪೋರ್ಟಿನ ಅಂಚಲ್ಲಿ ಬಿಳಿ ಪದರ ಕೂತಿರುತ್ತೆ. ಒರೆಸಿ, ಅಡಾಪ್ಟರನ್ನು ಪೂರ್ತಿ ಒತ್ತಿ ಕೂರಿಸಿ.

ಆಲೂರು, ಕೋಸಿಗಿ, ಮಂತ್ರಾಲಯದ ಕಡೆ ಈ ಕೆಲಸ ಮಾಡೋ ಹುಡುಗರೇ, ಸಿಕ್ಕಿಹಾಕಿಕೊಂಡರೆ ‘ಶೋ ಸ್ವಿಚ್’ ಫೋಟೋ ಕಳಿಸಿ. ಕನ್ನಡದಲ್ಲೇ ಕೇಳಿ, ಕೂತು ನೋಡೋಣ.